ಕಡವಿನ ಕೂಲಿ: ಒಂದು ಕಥನಗೀತೆಯನ್ನು ಕಟ್ಟಿದ ಬಗೆ

ಬಸ್ಸು ಕಲ್ಯಾಣಪುರದ ಸೇತುವೆಗೆ ಬರುವ ಹೊತ್ತಿಗೆ ಅಜ್ಜಿಯ ಕೈ ಸೆರಗಿನ ಗಂಟಿಗೆ ಹೋಗುತ್ತಿತ್ತು. ಗಂಟು ಬಿಚ್ಚಿ ಒಂದು ಹಿಡಿ ಅಕ್ಕಿಯನ್ನು ಕಿಟಕಿಯಿಂದ ಹೊರಗೆ, ಸ್ವರ್ಣಾ ನದಿಗೆ ಚೆಲ್ಲುತ್ತಿದ್ದರು. ಬೇರೆಯವರು ನಾಣ್ಯ ಎಸೆದು ಕೈಮುಗಿಯುತ್ತಿದ್ದರು, ಇವರದು ಮಾತ್ರ ಅಕ್ಕಿ. ಯಾಕೆಂದು ಕೇಳಿದರೆ “ಬಾಕಿ ಇದೆ” ಎಂದಷ್ಟೇ ಹೇಳಿ ಗಂಟು ಕಟ್ಟಿಕೊಳ್ಳುತ್ತಿದ್ದರು.

ಕತೆ ನನಗೆ ತುಂಡು ತುಂಡಾಗಿ ಸಿಕ್ಕಿತು. ಅಜ್ಜಿ ಹುಟ್ಟಿದ್ದು ಹೊಳೆಯ ನಡುವಿನ ಒಂದು ಕುದ್ರುವಿನಲ್ಲಿ, ಅಂದರೆ ನಡುಗಡ್ಡೆಯಲ್ಲಿ, ಆಷಾಢದ ನೆರೆಯ ರಾತ್ರಿ. ಸೂಲಗಿತ್ತಿ ಆಚೆ ದಡದವಳು. ಅವಳನ್ನು ದೋಣಿಯಲ್ಲಿ ಕರೆತಂದ ಅಂಬಿಗ ಆ ರಾತ್ರಿ ಮನೆಗೆ ಹಿಂದಿರುಗಲಿಲ್ಲ. ಆಗ ಕಡವಿನ ಕೂಲಿಯನ್ನು, ಅಂದರೆ ದೋಣಿಯಲ್ಲಿ ಹೊಳೆ ದಾಟಿಸಿದ್ದಕ್ಕೆ ಕೊಡುವುದನ್ನು, ಅಕ್ಕಿಯಲ್ಲೇ ಕೊಡುತ್ತಿದ್ದರಂತೆ, ಮತ್ತು ಅಂದಿನ ಕೂಲಿಯನ್ನು ಯಾರೂ ಕೊಟ್ಟಿರಲಿಲ್ಲ. ಇಷ್ಟೇ. ಅಜ್ಜಿ ತೀರಿಕೊಂಡ ಮೇಲೆ ಇದನ್ನು ಎಲ್ಲಿಯಾದರೂ ಬರೆದಿಡಬೇಕು ಅನ್ನಿಸಿತು. ಆದರೆ ಅಜ್ಜಿಗೆ ಓದು ಬರುತ್ತಿರಲಿಲ್ಲ. ಅವರ ಕತೆಯನ್ನು ಅವರಿಗೇ ಓದಲಾಗದ ರೂಪದಲ್ಲಿ ಇಡುವುದಕ್ಕೆ ಮನಸ್ಸು ಒಪ್ಪಲಿಲ್ಲ. ಹಾಗಾಗಿ ಹಾಡು ಕಟ್ಟಲು ಕೂತೆ. ಅದಕ್ಕೆ ಮೊದಲು ಹಾಡು ಕಟ್ಟಿ ಅಭ್ಯಾಸವಿರಲಿಲ್ಲ. ಏಳು ತಿಂಗಳಲ್ಲಿ ನೂರು ಪುಟದ ನೋಟುಪುಸ್ತಕ ಎರಡು ಮುಗಿದವು. ಈಗ ಹಾಡು ಹದಿನಾಲ್ಕು ನುಡಿಗೆ, ಅಂದರೆ ಹದಿನಾಲ್ಕು ಪದ್ಯಕ್ಕೆ, ನಿಂತಿದೆ. ಎಲ್ಲಿ ಮುರಿಯಿತು, ಹೇಗೆ ಕೂಡಿಸಿದೆ ಎಂಬುದನ್ನು ಮರೆಯುವ ಮೊದಲು ಇಲ್ಲಿ ಬರೆಯುತ್ತಿದ್ದೇನೆ. ಇಂಥದೇ ಕತೆ ಕೈಯಲ್ಲಿರುವ ಯಾರಿಗಾದರೂ ಉಪಯೋಗಕ್ಕೆ ಬರಬಹುದು.

ಮೊದಲ ಕರಡು

ಮೊದಲ ಕರಡು ನಲವತ್ತೊಂದು ನುಡಿ. ಸಾಲುಗಳು ಬೇಕಾದಷ್ಟು ಉದ್ದ, ಛಂದಸ್ಸಿನ ಹಂಗಿಲ್ಲ. ಮಳೆಯ ಬಗ್ಗೆಯೇ ಆರು ನುಡಿ. ಮೋಡ, ಮಿಂಚು, ಗುಡುಗು, ಕತ್ತಲೆ, ಎಲ್ಲಕ್ಕೂ ಎರಡೆರಡು ವಿಶೇಷಣ. ಅಂಬಿಗ “ತ್ಯಾಗಮೂರ್ತಿ”, ಹೊಳೆ “ನಿರ್ದಯಿ”. ಇದನ್ನು ಬ್ರಹ್ಮಾವರದಲ್ಲಿರುವ ದೊಡ್ಡಮ್ಮನಿಗೆ ಓದಿ ಹೇಳಿದೆ. ಎಂಬತ್ತು ದಾಟಿದ ಅವರಿಗೆ ನೂರಾರು ಹಾಡು ಬಾಯಿಗೆ ಬರುತ್ತವೆ. ಅಕ್ಕಿ ಆರಿಸುತ್ತಲೇ ಕೇಳಿದರು. ಹದಿನೈದನೆಯ ನುಡಿಯ ಹೊತ್ತಿಗೆ, “ದೋಣಿ ಯಾವಾಗ ಹೊರಡುತ್ತದೆ?” ಎಂದರು.

ಆ ಪ್ರಶ್ನೆಯನ್ನು ಪುಸ್ತಕದ ಮೊದಲ ಪುಟದಲ್ಲಿ ದೊಡ್ಡ ಅಕ್ಷರದಲ್ಲಿ ಬರೆದುಕೊಂಡೆ.

ಪುಣ್ಯಕೋಟಿಯ ಹಾಡನ್ನು ಮತ್ತೆ ಕೇಳಿ ನೋಡಿದೆ. ನಾವೆಲ್ಲ ಮಕ್ಕಳಾಗಿದ್ದಾಗ ಅತ್ತಿದ್ದು ಯಾವ ಬಣ್ಣನೆಗೂ ಅಲ್ಲ. ಕರು ಕೇಳುವ ಪ್ರಶ್ನೆಗೆ, ತಾಯಿ ಕೊಡುವ ಉತ್ತರಕ್ಕೆ. ಹಾಡು ಮಾತಿನಿಂದ ಮಾತಿಗೆ ನಡೆಯುತ್ತದೆ. ನಡುವೆ ಹಾಡುವವರು ತಮ್ಮ ದುಃಖವನ್ನು ತಂದು ಹಾಕುವುದಿಲ್ಲ.

ಭಾಮಿನಿಯಲ್ಲಿ ಕಳೆದ ಒಂದು ತಿಂಗಳು

ಎರಡನೆಯ ಕರಡಿಗೆ ಛಂದಸ್ಸು ಬೇಕೆಂದು ಭಾಮಿನಿ ಷಟ್ಪದಿಯನ್ನು ಹಿಡಿದೆ. ಈ ಊರಿನಲ್ಲಿ ಬೆಳೆದವರಿಗೆ ಅದು ಕಿವಿಯಲ್ಲೇ ಇರುತ್ತದೆ. ರಾತ್ರಿಯಿಡೀ ಯಕ್ಷಗಾನ ನೋಡಿದ ಕಿವಿ. ಮಾತ್ರೆ ಎಂದರೆ ಒಂದು ಹ್ರಸ್ವ ಅಕ್ಷರ ಹೇಳುವಷ್ಟು ಹೊತ್ತು. ಮೂರು-ನಾಲ್ಕು, ಮೂರು-ನಾಲ್ಕು ಮಾತ್ರೆಯ ಸಾಲು ಎರಡು, ಆಮೇಲೆ ಅದರ ಒಂದೂವರೆಯಷ್ಟು ಉದ್ದದ ಸಾಲು, ಅದರ ತುದಿಗೊಂದು ಗುರು, ಅಂದರೆ ಎರಡು ಮಾತ್ರೆಯ ಅಕ್ಷರ. ಇದೇ ಮತ್ತೊಮ್ಮೆ ಬಂದರೆ ಆರು ಸಾಲಿನ ಒಂದು ಪದ್ಯ. ಮೊದಲೆರಡು ಸಾಲು ಹೀಗೆ ಬಂದವು:

ಪಿರಿಯ ಹೊಳೆಯೊಳು ನೆರೆಯು ಪೆರ್ಚಿರೆ
ತರಣಿಯೇರಿದನೊಡನೆ ನಾವಿಕ

ಲೆಕ್ಕ ಸರಿಯಾಗಿದೆ. ಪಿರಿಯ, ಹೊಳೆಯೊಳು, ನೆರೆಯು, ಪೆರ್ಚಿರೆ: ಮೂರು, ನಾಲ್ಕು, ಮೂರು, ನಾಲ್ಕು. ಎರಡನೆಯ ಅಕ್ಷರದ ಪ್ರಾಸವೂ ಕೂಡಿದೆ. ನನಗೆ ಹಿಗ್ಗೋ ಹಿಗ್ಗು. ನೆರೆಮನೆಯಲ್ಲಿ ಮೂವತ್ತು ವರ್ಷ ಮೇಳದಲ್ಲಿ ಭಾಗವತಿಕೆ ಮಾಡಿ ಮನೆಗೆ ಮರಳಿದ ಹಿರಿಯರಿದ್ದಾರೆ. ಅವರ ಮುಂದೆ ಹಿಡಿದೆ. ಅವರು ಕಣ್ಣು ಮುಚ್ಚಿ ಒಂದು ರಾಗಕ್ಕೆ ಹಾಕಿ ಹಾಡಿದರು. ಕೇಳಲು ಎಷ್ಟು ಚೆನ್ನಾಗಿತ್ತೆಂದರೆ ಕೆಲಸ ಮುಗಿಯಿತು ಅಂದುಕೊಂಡೆ. ಹಾಡಿ ಮುಗಿಸಿ ಅವರು ಹೇಳಿದ ಮಾತು ಇದು: “ಭಾಮಿನಿಯನ್ನು ನಾವು ತಾಳವಿಲ್ಲದೆ ಹಾಡುತ್ತೇವೆ. ಅದು ನಿಂತು ಹೇಳುವ ಪದ್ಯ. ನಿಮ್ಮ ಅಂಬಿಗ ದೋಣಿಯಲ್ಲಿದ್ದಾನೆ, ಅವನಿಗೆ ತಾಳ ಬೇಡವೇ?”

ಇನ್ನೊಂದು ತೊಡಕು ಮನೆಗೆ ಬಂದ ಮೇಲೆ ಕಂಡಿತು. ತರಣಿ ಎಂದರೆ ದೋಣಿಯೂ ಹೌದು, ಸೂರ್ಯನೂ ಹೌದು. ಪ್ರಾಸಕ್ಕಾಗಿ ಅದನ್ನು ತಂದಿದ್ದೆ. ಕುದ್ರುವಿನಲ್ಲಿ ಹುಟ್ಟಿ ಕುದ್ರುವಿನಲ್ಲೇ ಬದುಕಿದ ಒಬ್ಬನಾದರೂ ತನ್ನ ದೋಣಿಯನ್ನು ತರಣಿ ಎಂದು ಕರೆದಿರಲಾರ. ಛಂದಸ್ಸು ನನ್ನನ್ನು ಪುರಾಣದ ಕಡೆಗೆ ಎಳೆಯುತ್ತಿತ್ತು, ಕತೆ ಹೊಳೆಯ ಕಡೆಗೆ. ಹನ್ನೆರಡು ಪದ್ಯ ಬರೆದಿದ್ದೆ. ಅವುಗಳನ್ನು ಹರಿದು ಹಾಕಲಿಲ್ಲ, ಪುಸ್ತಕದಲ್ಲಿವೆ. ಆದರೆ ಅವುಗಳಿಂದ ಒಂದು ಸಾಲನ್ನೂ ಮುಂದೆ ತೆಗೆದುಕೊಳ್ಳಲಿಲ್ಲ.

ದೋಣಿಯ ಮೇಲೆ

ಒಂದು ಭಾನುವಾರ ಕೆಮ್ಮಣ್ಣಿನ ಕಡೆ ಹೋಗಿ, ದೋಣಿಯಿಟ್ಟುಕೊಂಡಿರುವ ಒಬ್ಬರನ್ನು ಕೇಳಿಕೊಂಡು ಅರ್ಧ ದಿನ ಅವರ ಜೊತೆ ಹೊಳೆಯಲ್ಲಿದ್ದೆ. ಆ ದಿನ ಇಳಿತ ಇತ್ತು. ಮೊಣಕಾಲು ನೀರಿನಲ್ಲಿ ಮರುವಾಯಿ ಚಿಪ್ಪು ಹೆಕ್ಕುವವರು ಬಗ್ಗಿ ನಿಂತಿದ್ದರು. ದೋಣಿಯವರು ದೋಣಿಯನ್ನು ಜಲ್ಲೆಯಿಂದ, ಅಂದರೆ ಉದ್ದ ಕೋಲಿನಿಂದ, ನಡೆಸಿದರು. ನಾನು ನೋಡುತ್ತಾ ಕೂತೆ: ಜಲ್ಲೆಯನ್ನು ಊರುವುದು, ಮೈಭಾರ ಹಾಕಿ ಒತ್ತುವುದು, ಬಿಡುವುದು, ಎತ್ತುವುದು. ಊರು, ಒತ್ತು, ಬಿಡು, ಎತ್ತು. ನಾಲ್ಕು. ಬೇಗ ಹೋಗುವಾಗಲೂ ನಾಲ್ಕೇ, ನಿಧಾನವಾದರೂ ನಾಲ್ಕೇ. ಮೊಬೈಲಿನಲ್ಲಿ ಆ ಸದ್ದನ್ನು ಹಿಡಿದುಕೊಂಡು ಬಂದೆ. ಜಲ್ಲೆ ಮರಳಿಗೆ ಇಳಿಯುವಾಗ ಒಂದು ಸಣ್ಣ ‘ಕರ್’ ಎನ್ನುವ ಸದ್ದು, ಎತ್ತುವಾಗ ನೀರು ಸೋರುವ ಸದ್ದು.

ಅಲ್ಲೇ ನನ್ನ ದೊಡ್ಡ ತಪ್ಪೊಂದು ಸಿಕ್ಕಿಬಿತ್ತು. ಕರಡಿನಲ್ಲಿ ಅಂಬಿಗನ ಕೈಗೆ ಜಲ್ಲೆ ಕೊಟ್ಟಿದ್ದೆ. ಅವರು ಕೇಳಿ ತಲೆಯಾಡಿಸಿದರು. “ನೆರೆಯಲ್ಲಿ ಜಲ್ಲೆಗೆ ತಳ ಸಿಗುವುದಿಲ್ಲ. ಹುಟ್ಟೇ ಬೇಕು.” ಹಾಗೆ ಜಲ್ಲೆ ಹೋಗಿ ಹುಟ್ಟು ಬಂತು. ಆ ಒಂದು ಪದ ಮುಂದೆ ಹಾಡಿನ ಬೆನ್ನೆಲುಬೇ ಆಗುತ್ತದೆ ಎಂದು ಆಗ ಹೊಳೆದಿರಲಿಲ್ಲ.

ಗದ್ದೆಯ ಹಾಡುಗಳಲ್ಲಿಯೂ ಇದೇ ಗುಟ್ಟು. ನೇಜಿ ನೆಡುವಾಗ ತುಳುವಿನ ಕತೆಯ ಹಾಡು ಪಾಡ್ದನವನ್ನು ಒಬ್ಬರು ಎತ್ತಿಕೊಂಡರೆ ಉಳಿದವರು ಹಿಡಿದುಕೊಳ್ಳುತ್ತಾರೆ. ಹಾಡಿನ ಹೆಜ್ಜೆಯನ್ನು ಕೆಸರಿನಲ್ಲಿರುವ ಕೈ ತೀರ್ಮಾನಿಸುತ್ತದೆ. ಬಾಸೆಲ್ ಮಿಶನ್ನಿನ ಪಾದ್ರಿಗಳು 1886ರಲ್ಲಿಯೇ ಮಂಗಳೂರಿನ ತಮ್ಮ ಮುದ್ರಣಾಲಯದಲ್ಲಿ ಪಾಡ್ದನಗಳನ್ನು ಅಚ್ಚು ಹಾಕಿದ್ದರು. ಅಚ್ಚಿನಲ್ಲಿ ಪಾಡ್ದನ ಓದಿದಾಗ ಹೇಳಿದ್ದನ್ನೇ ಹೇಳುತ್ತಾರಲ್ಲ ಅನ್ನಿಸುತ್ತದೆ. ಗದ್ದೆಯ ಬದುವಿನಲ್ಲಿ ನಿಂತು ಕೇಳಿದರೆ, ಹೇಳಿದ್ದನ್ನು ಮತ್ತೆ ಹೇಳುವ ಆ ಸಾಲಿನಲ್ಲೇ ಎಲ್ಲರ ಕೈಯೂ ಒಟ್ಟಿಗೆ ಸೇರುವುದು ಕಾಣುತ್ತದೆ.

ಚೌಕಟ್ಟು

ನಾಲ್ಕರ ನಡೆ ಸಿಕ್ಕಿತು. ಆದರೆ ಸಾಲು ಎಷ್ಟುದ್ದ ಇರಬೇಕು? ಕಾಲೇಜಿನಲ್ಲಿ ಇಂಗ್ಲಿಷಿನ ಕಥನಗೀತೆ, ಬ್ಯಾಲಡ್, ಓದಿದ್ದು ನೆನಪಿಗೆ ಬಂತು. ಹಾರ್ವರ್ಡಿನ ಫ್ರಾನ್ಸಿಸ್ ಜೇಮ್ಸ್ ಚೈಲ್ಡ್ ಎಂಬ ಪ್ರಾಧ್ಯಾಪಕರು ಇಂಗ್ಲೆಂಡ್, ಸ್ಕಾಟ್‌ಲೆಂಡ್‌ಗಳ 305 ಬ್ಯಾಲಡ್‌ಗಳನ್ನು ಕೂಡಿಸಿ 1882ರಿಂದ 1898ರವರೆಗೆ ಪ್ರಕಟಿಸಿದರು. ಅವುಗಳಲ್ಲಿ ಬಹಳಷ್ಟು ನಾಲ್ಕು ಸಾಲಿನವು: ಮೊದಲ ಸಾಲಿಗೆ ನಾಲ್ಕು ಒತ್ತು, ಎರಡನೆಯದಕ್ಕೆ ಮೂರು, ಮತ್ತೆ ನಾಲ್ಕು, ಮತ್ತೆ ಮೂರು. ಎರಡನೆಯ ಮತ್ತು ನಾಲ್ಕನೆಯ ಸಾಲಿನ ತುದಿಗೆ ಪ್ರಾಸ.

ಇದನ್ನು ಪುಸ್ತಕದಲ್ಲಿ ಬರೆದು ನೋಡುತ್ತಿದ್ದಾಗ ಮೈ ಜುಮ್ಮೆಂದಿತು. ಇದು ಹಾಡುವುದಕ್ಕೆ ಒಗ್ಗುವ ನಮ್ಮ ಹಳೆಯ ಛಂದಸ್ಸು ಸಾಂಗತ್ಯದ ಎಣಿಕೆಯೇ. ಸಾಂಗತ್ಯದಲ್ಲಿಯೂ ನಾಲ್ಕು ಸಾಲು. ಒಂದು ಮತ್ತು ಮೂರನೆಯ ಸಾಲಿನಲ್ಲಿ ನಾಲ್ಕು ವಿಷ್ಣುಗಣ (ಗಣವೆಂದರೆ ಅಕ್ಷರಗಳ ಗುಂಪು, ವಿಷ್ಣುಗಣ ದೊಡ್ಡದು), ಎರಡು ಮತ್ತು ನಾಲ್ಕನೆಯದರಲ್ಲಿ ಎರಡು ವಿಷ್ಣುಗಣ, ಕೊನೆಗೊಂದು ಸಣ್ಣ ಬ್ರಹ್ಮಗಣ. ನಾಲ್ಕು, ಮೂರು, ನಾಲ್ಕು, ಮೂರು. ಹದಿನಾರನೆಯ ಶತಮಾನದಲ್ಲಿ ಮೂಡುಬಿದಿರೆಯ ರತ್ನಾಕರವರ್ಣಿ ಸಾವಿರಾರು ಪದ್ಯಗಳ ಕತೆಯನ್ನು ಇದೇ ಸಾಂಗತ್ಯದಲ್ಲಿ ಹಾಡಿದ. ನಾನು ಹುಡುಕುತ್ತಿದ್ದ ಅಳತೆ ನಮ್ಮ ಮನೆಯಿಂದ ಒಂದೂವರೆ ಗಂಟೆಯ ಬಸ್ಸಿನ ದಾರಿಯಲ್ಲಿ ನಾಲ್ಕೈದು ನೂರು ವರ್ಷಗಳಿಂದ ಇತ್ತು.

ಸಾಂಗತ್ಯದ ಗಣಗಳು ಅಂಶಗಣಗಳು. ಹಾಡುವಾಗ ಹಿಗ್ಗುತ್ತವೆ, ಕುಗ್ಗುತ್ತವೆ. ಅವನ್ನು ಕೈಗೆ ಹತ್ತಿಸಿಕೊಳ್ಳುವ ಧೈರ್ಯ ನನಗೆ ಬರಲಿಲ್ಲ. ಚೌಕಟ್ಟನ್ನು ಮಾತ್ರ ಇಟ್ಟುಕೊಂಡು ಒಳಗೆ ದೋಣಿಯ ನಾಲ್ಕನ್ನು ತುಂಬಿದೆ. ದೊಡ್ಡ ಗಣಕ್ಕೆ ನಾಲ್ಕು ಮಾತ್ರೆ, ಸಾಲಿನ ತುದಿಯ ಸಣ್ಣ ಗಣಕ್ಕೆ ಮೂರು. ಹ್ರಸ್ವಕ್ಕೆ ಒಂದು ಮಾತ್ರೆ. ದೀರ್ಘಕ್ಕೆ, ಅನುಸ್ವಾರ ಹಿಡಿದದ್ದಕ್ಕೆ, ಒತ್ತಕ್ಷರದ ಹಿಂದಿನದಕ್ಕೆ ಎರಡು. ಹೆಬ್ಬೆರಳಿನಿಂದ ನಾಲ್ಕು ಬೆರಳನ್ನೂ ಮುಟ್ಟುತ್ತಾ ಸಾಲನ್ನು ಹೇಳಿದರೆ ಎಲ್ಲಿ ಕುಂಟುತ್ತದೆ ಎಂದು ಬೆರಳೇ ತೋರಿಸುತ್ತದೆ:

ಆಷಾ | ಢದ ನೆರೆ | ಏರಿದ | ಹೊಳೆಯಲಿ
ಅಂಬಿಗ | ಕಟ್ಟಿದ | ದೋಣಿ

ಪ್ರಾಸದ ವಿಚಾರಕ್ಕೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಎರಡನೆಯ ಅಕ್ಷರದ ಪ್ರಾಸವನ್ನು ಮಂಜೇಶ್ವರದ ಗೋವಿಂದ ಪೈಗಳು 1911ರಲ್ಲಿಯೇ ಬಿಟ್ಟು ತೋರಿಸಿದ್ದಾರೆ. ತಾನಾಗಿ ಬಂದರೆ ಬರಲಿ, ಅದಕ್ಕಾಗಿ ಇನ್ನೊಂದು ತರಣಿಯನ್ನು ತರುವುದಿಲ್ಲ ಎಂದು ನಿರ್ಧರಿಸಿದೆ. ಎರಡು ಮತ್ತು ನಾಲ್ಕನೆಯ ಸಾಲಿನ ತುದಿಯ ಪ್ರಾಸ ಮಾತ್ರ ಕಡ್ಡಾಯ. ಕೇಳುವವರು ಮುಂದಿನ ಮಾತಿಗೆ ಕಾಯುವುದು ಅದರಿಂದಲೇ.

ಸೂಲಗಿತ್ತಿ ಎಂಬ ಪದ

ಈ ಚೌಕಟ್ಟಿನಲ್ಲಿ ಕೆಲಸ ವಾರಕ್ಕೆ ನಾಲ್ಕೈದು ನುಡಿಯಂತೆ ಸಾಗಿತು, ಸೂಲಗಿತ್ತಿ ಬರುವವರೆಗೆ. ಸೂಲಗಿತ್ತಿ: ಸೂ ಎರಡು, ಲ ಒಂದು, ಗಿ ಎರಡು, ತ್ತಿ ಒಂದು. ಮೂರು ಮತ್ತು ಮೂರು. ನಾಲ್ಕರ ನಡೆಯಲ್ಲಿ ಅವಳು ಎಲ್ಲಿ ಕಾಲಿಟ್ಟರೂ ದೋಣಿ ಓಲುತ್ತಿತ್ತು. ಎರಡು ದಿನ ಹೆಣಗಿದೆ. ಸಾಲಿನ ತುದಿಗಿಟ್ಟೆ, ಮೊದಲಿಗಿಟ್ಟೆ, ಹಿಂದೊಂದು ‘ಆ’ ಸೇರಿಸಿದೆ. ಆಗಲಿಲ್ಲ. ಕೊನೆಗೆ ದೊಡ್ಡಮ್ಮನಿಗೆ ಫೋನು ಮಾಡಿ, ಅಜ್ಜಿ ಆಕೆಯನ್ನು ಏನೆಂದು ಕರೆಯುತ್ತಿದ್ದರು ಎಂದು ಕೇಳಿದೆ. “ಹೆರಿಗೆಯ ಅಜ್ಜಿ ಎನ್ನುತ್ತಿದ್ದರು” ಎಂದರು. ಹೆರಿಗೆಯ, ನಾಲ್ಕು. ಅಜ್ಜಿಯು, ನಾಲ್ಕು. ಕೋಶದಲ್ಲಿ ಹುಡುಕುತ್ತಿದ್ದ ಪದ ಮನೆಯ ಮಾತಿನಲ್ಲಿತ್ತು. ಅಂದಿನಿಂದ, ಒಂದು ಪದ ಛಂದಸ್ಸಿಗೆ ಒಗ್ಗದಿದ್ದರೆ ಮೊದಲು ಫೋನು, ಆಮೇಲೆ ನಿಘಂಟು.

ಗೋಣಿ

ಮೊದಲ ನುಡಿ ಹೀಗಿತ್ತು:

ಆಷಾಢದ ನೆರೆ ಏರಿದ ಹೊಳೆಯಲಿ
ಅಂಬಿಗ ಕಟ್ಟಿದ ದೋಣಿ
ಆಚೆಯ ದಡದಲಿ ಕೂಗಿದರಾರೋ
ತಲೆಯಲಿ ತೊಯ್ದಿದೆ ಗೋಣಿ

ದೋಣಿಗೆ ಗೋಣಿ ಸಿಕ್ಕಿದ್ದು ನನಗೆ ತುಂಬ ಸಂತೋಷ ಕೊಟ್ಟಿತ್ತು. ಮಳೆಗೆ ಗೊರಬು ಇಲ್ಲದವರು ಗೋಣಿಚೀಲವನ್ನು ಕೊಪ್ಪೆ ಮಾಡಿ ತಲೆಗೆ ಹಾಕಿಕೊಳ್ಳುವುದನ್ನು ನಾನೇ ಎಷ್ಟೋ ಸಲ ಕಂಡಿದ್ದೇನೆ. ದೊಡ್ಡಮ್ಮ ಅಕ್ಕಿಯ ಮೊರವನ್ನು ಕೆಳಗಿಟ್ಟು, “ಆಚೆ ದಡದವನ ತಲೆಯ ಗೋಣಿ ತೊಯ್ದದ್ದು ಈಚೆಯವನಿಗೆ ಹೇಗೆ ಕಂಡಿತು? ನೆರೆಯ ಹೊಳೆ ಎಷ್ಟು ಅಗಲ ಎಂದು ನಿನಗೆ ಗೊತ್ತಿಲ್ಲವೇ?” ಎಂದರು.

ಗೋಣಿಯನ್ನು ಬಿಡಲು ಮನಸ್ಸಿಲ್ಲ, ಕಂಡದ್ದು ಸುಳ್ಳಾಗಬಾರದು. ನಾಲ್ಕನೆಯ ಸಾಲನ್ನು ಹನ್ನೊಂದು ಸಲ ಬರೆದಿದ್ದೇನೆ. ಪುಟ ಈಗಲೂ ಇದೆ. ಗೋಣಿಯನ್ನು ಆಚೆಯವನ ತಲೆಯಿಂದ ತೆಗೆದು ಅಂಬಿಗನ ಕೈಗೆ ಕೊಟ್ಟಾಗ ಸಾಲು ನಿಂತಿತು:

ಆಚೆಯ ದಡದಲಿ ಕೂಗಿದರಾರೋ
ಹೊದ್ದನು ಒದ್ದೆಯ ಗೋಣಿ

ಅವನು ಹೋಗಲೋ ಬೇಡವೋ ಎಂದು ಯೋಚಿಸಿದ, ಕರುಣೆಯಿಂದ ಮನಸ್ಸು ಕರಗಿತು ಎಂದೆಲ್ಲ ಮೊದಲ ಕರಡಿನಲ್ಲಿ ಎರಡು ನುಡಿ ಹೇಳಿದ್ದೆ. ಈಗ ಕೂಗು ಕೇಳಿತು, ಗೋಣಿ ಹೊದ್ದ, ಅಷ್ಟೆ. ಆಗಷ್ಟೇ ದಾಟಿಸಿ ಬಂದು ತೆಗೆದಿಟ್ಟ ಗೋಣಿ ಇನ್ನೂ ಒದ್ದೆಯಾಗಿದೆ ಎಂಬುದರಲ್ಲಿ ಅವನ ದಿನವೆಲ್ಲ ಬಂತು. ಬಣ್ಣನೆಯನ್ನು ಕೆಲಸವಾಗಿ ಬದಲಿಸುವುದು ಎಂದರೆ ಏನೆಂದು ನನಗೆ ಕೈಗೆ ಹತ್ತಿದ್ದು ಈ ಒಂದು ಸಾಲಿನಲ್ಲಿ.

ಮೂರು ಸಲ ದಾಟುವುದು

ಹಾಡಿನಲ್ಲಿ ಅಂಬಿಗ ಒಂದೇ ದಿನ ಮೂರು ಸಲ ದಾಟಿಸುತ್ತಾನೆ. ಮೊದಲನೆಯದು ಬೆಲ್ಲದ ವ್ಯಾಪಾರಿಯನ್ನು:

ಬೆಲ್ಲದ ಮೂಟೆಯ ಹೊತ್ತವ ಕೇಳಿದ
“ಕಡವಿನ ಕೂಲಿಯು ಎಷ್ಟು?”
“ಹೊಳೆಯಿದು ದೇವರ, ಹುಟ್ಟಿದು ನನ್ನದು,
ಅಕ್ಕಿಯು ಹಿಡಿಯೊಳಗಿಷ್ಟು.”

ಎರಡನೆಯವನು ಪೇಟೆಯ ಕೋರ್ಟಿಗೆ ಹೊರಟವನಾಗಿದ್ದ. ಒಳ್ಳೆಯ ನುಡಿಯಾಗಿತ್ತು ಅದು. ದಾಯಾದಿಗಳ ವ್ಯಾಜ್ಯ, ಕೊಡೆಯೊಳಗೆ ಜೋಪಾನವಾಗಿ ಸುತ್ತಿದ ಕಾಗದಪತ್ರ, ಎಲ್ಲ ಇತ್ತು. ತಿಂಗಳುಗಟ್ಟಲೆ ಉಳಿಸಿಕೊಂಡೆ. ಆದರೆ ಪ್ರತಿ ಸಲ ಹಾಡುವಾಗಲೂ ಅಲ್ಲಿ ಕತೆ ನಿಂತುಬಿಡುತ್ತಿತ್ತು. ಅವನು ಬಂದದ್ದರಿಂದ ಏನೂ ಆಗುವುದಿಲ್ಲ. ಮೂರು ಸಲ ಒಂದೇ ಮಾತನ್ನು ಹೇಳಿಸಿದರೆ ಸಾಲದು, ಪ್ರತಿ ಸಲವೂ ಒಂದು ಮೆಟ್ಟಿಲು ಏರಬೇಕು. ಅವನನ್ನು ತೆಗೆದು ಅಲ್ಲಿ ಮುತ್ತಜ್ಜನನ್ನು ತಂದೆ. ಸೂಲಗಿತ್ತಿಯನ್ನು ಕರೆಯಲು ಮಧ್ಯಾಹ್ನ ಆಚೆಗೆ ದಾಟಿದವರು ಅವರೇ ತಾನೆ:

ಬಸುರಿಯ ಗಂಡನು ಓಡುತ ಬಂದನು
“ಅಕ್ಕಿಯು ಮನೆಯಲಿ ಇಲ್ಲ.”
“ಹತ್ತೋ ತಮ್ಮಾ, ಅಕ್ಕಿಯ ಲೆಕ್ಕವ
ಮೇಲಿನ ದೇವರು ಬಲ್ಲ.”

ಇಲ್ಲಿ ಪ್ರಶ್ನೆಯನ್ನೇ ಕೇಳುವುದಿಲ್ಲ. ಕೇಳುವವರ ಕಿವಿ “ಕೂಲಿಯು ಎಷ್ಟು” ಎಂಬುದಕ್ಕೆ ಕಾದಿರುತ್ತದೆ, ಅದು ಬರುವುದಿಲ್ಲ. ಬಾಕಿ ಹುಟ್ಟುವುದು ಅಲ್ಲಿ.

ರಾತ್ರಿಯ ಕೂಗಿಗೆ ಮೊದಲು ಅಂಬಿಗನ ಹೆಂಡತಿಯ ಒಂದು ನುಡಿ ಇದೆ. ಇದು ಒಂದೇ ಪೆಟ್ಟಿಗೆ ಬಂದದ್ದು, ಆಮೇಲೆ ಕೈ ಹಾಕಲಿಲ್ಲ:

“ಹೊಳೆಯಿದು ಕೆರಳಿದೆ, ಹೋಗಲು ಬೇಡಿರಿ,
ಒಲೆಯಲಿ ಬೆಂದಿದೆ ಗಂಜಿ.”
“ಕೂಗುವ ದನಿಯದು ಹೆಣ್ಣಿನ ದನಿಯೇ,
ಕೂತರೆ ನಡೆವುದೆ ಅಂಜಿ?”

ಯಾರು ಹೇಳಿದರು ಎಂದು ಎಲ್ಲಿಯೂ ಹೇಳಿಲ್ಲ. ‘ಎಂದಳು’, ‘ಎಂದನು’ಗಳನ್ನು ತೆಗೆದರೆ ಅರ್ಧ ಸಾಲು ಉಳಿಯುತ್ತದೆ, ಹಾಡುವವರ ದನಿಯೇ ಆ ಕೆಲಸ ಮಾಡುತ್ತದೆ.

ನಾನು ಹುಟ್ಟಿಸಿದ ಸಾಲು

ಮೂರನೆಯ ದಾಟುವಿಕೆಯಲ್ಲಿ ಹೆರಿಗೆಯ ಅಜ್ಜಿ ಅದೇ ಪ್ರಶ್ನೆ ಕೇಳಬೇಕು. ಅಂಬಿಗ ಏನು ಹೇಳಬೇಕು? ಮನೆಯ ಕತೆಯಲ್ಲಿ ಇದಿಲ್ಲ. ಆ ದೋಣಿಯಲ್ಲಿ ಏನು ಮಾತಾಯಿತೆಂದು ಯಾರೂ ಹೇಳಿದ್ದಿಲ್ಲ. ಇರುವುದು ಅಜ್ಜಿಯ “ಬಾಕಿ ಇದೆ” ಎಂಬ ಮಾತು, ಸೆರಗಿನ ಗಂಟು. ಹದಿನೈದು ದಿನ ಆ ಜಾಗವನ್ನು ಖಾಲಿ ಬಿಟ್ಟೆ. ಆಮೇಲೆ ಒಂದು ಬೆಳಿಗ್ಗೆ, ತೋಟಕ್ಕೆ ನೀರು ಬಿಡುತ್ತಿದ್ದಾಗ, ಬೆಲ್ಲದವನಿಗೆ ಹೇಳಿದ “ಹುಟ್ಟಿದು ನನ್ನದು” ಎಂಬ ಸಾಲು ಬಾಯಿಗೆ ಬಂತು. ಹುಟ್ಟು. ದೋಣಿಯ ಹುಟ್ಟು, ಕೂಸಿನ ಹುಟ್ಟು. ಜಲ್ಲೆಯೇ ಇದ್ದಿದ್ದರೆ ಇದು ಸಿಗುತ್ತಿರಲಿಲ್ಲ. ನಲ್ಲಿಯನ್ನು ಹಾಗೆಯೇ ಬಿಟ್ಟು ಒಳಗೆ ಓಡಿ ಬರೆದುಕೊಂಡೆ:

ಹೆರಿಗೆಯ ಅಜ್ಜಿಯು ಹತ್ತುತ ಕೇಳ್ದಳು
“ಕಡವಿನ ಕೂಲಿಯು ಎಷ್ಟು?”
“ಹುಟ್ಟುವ ಕೂಸೇ ತೀರಿಸಲಮ್ಮಾ,
ಅಕ್ಕಿಯು ಹಿಡಿಯೊಳಗಿಷ್ಟು.”

ಬರೆದ ಮೇಲೆ ಭಯವಾಯಿತು. ಬದುಕಿದ್ದ ಒಬ್ಬ ಮನುಷ್ಯನ ಬಾಯಲ್ಲಿ ಅವನು ಆಡದ ಮಾತನ್ನು ಇಟ್ಟಿದ್ದೇನೆ. ಅವನ ಮನೆಯವರು ಎಲ್ಲಿದ್ದಾರೋ ತಿಳಿಯದು. ದೊಡ್ಡಮ್ಮನ ಹತ್ತಿರ ಹೋಗಿ, ಇದು ನಾನೇ ಹುಟ್ಟಿಸಿದ್ದು ಎಂದು ಮೊದಲೇ ಹೇಳಿ ಹಾಡಿದೆ. ಅವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, “ಅಮ್ಮ ಅಷ್ಟು ವರ್ಷ ಸುಮ್ಮನೆ ಅಕ್ಕಿ ಹಾಕಿದಳೇ? ಯಾರೋ ಏನೋ ಹೇಳಿರಲೇಬೇಕು” ಎಂದರು. ಸಾಲು ಉಳಿಯಿತು.

ಕತ್ತರಿ

ಅಂಬಿಗನ ಸಾವಿಗೆ ನಾಲ್ಕು ನುಡಿ ಇತ್ತು. ಸುಳಿ, ಮುಳುಗಿದ ಲಾಟೀನು, ಹೆಂಡತಿಯ ಗೋಳು. ನಾಲ್ಕನ್ನೂ ತೆಗೆದೆ. ನಾವು ಯಾರೂ ಅದನ್ನು ಕಂಡಿಲ್ಲ. ಕುದ್ರುವಿನವರಿಗೂ ಕಂಡದ್ದು ಬೆಳಗಾದ ಮೇಲೆ ಮಾತ್ರ. ಕೂಸು ಅತ್ತ ಸದ್ದಿನ ನುಡಿ ಮುಗಿದ ಕೂಡಲೇ ಹಾಡು ಹೊಳೆ ಕಡಲು ಸೇರುವ ಅಳಿವೆಗೆ ಹಾರುತ್ತದೆ:

ಅಳಿವೆಯ ಬಾಯಲಿ ಬೆಳಗಿನ ಹೊತ್ತಿಗೆ
ಬೋರಲು ಬಿದ್ದಿದೆ ದೋಣಿ
ಕಾಂಡ್ಲದ ಬೇರಿಗೆ ಸಿಕ್ಕಿದೆ, ತೊಯ್ದಿದೆ
ಅಂಬಿಗ ಹೊದ್ದಾ ಗೋಣಿ

ದೋಣಿ ಮತ್ತು ಗೋಣಿ ಮೊದಲ ನುಡಿಯಿಂದ ಇಲ್ಲಿಗೆ ಮರಳಿದವು. ಪ್ರಾಸ ಕೂಡಿಸಲು ಹುಡುಕಿದ ಪದಗಳಲ್ಲ, ಹೊಳೆಯೇ ಹಿಂದಕ್ಕೆ ಕೊಟ್ಟವು. ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳ ಬೇರುಗಳ ನಡುವೆ ನೆರೆ ಇಳಿದ ಮೇಲೆ ಬಟ್ಟೆ, ಸೋಗೆ, ಪ್ಲಾಸ್ಟಿಕ್ ಸಿಕ್ಕಿಕೊಂಡಿರುವುದನ್ನು ಕೋಡಿ ಬೆಂಗ್ರೆಯ ಕಡೆ ಯಾವ ಮಳೆಗಾಲದಲ್ಲಿ ಹೋದರೂ ನೋಡಬಹುದು.

ಹಾಡಿ ನೋಡಿದ್ದು

ಧಾಟಿಗೆ ಹೆಚ್ಚು ಕಷ್ಟವಾಗಲಿಲ್ಲ. ದೊಡ್ಡಮ್ಮ ತಮ್ಮ ಒಂದು ಜೋಗುಳದ ಧಾಟಿಯನ್ನು ಕೊಟ್ಟರು, ನಾಲ್ಕರ ನಡೆ ಅದರಲ್ಲಿ ಸಲೀಸಾಗಿ ಕೂತಿತು. ನೆರೆಮನೆಯ ಭಾಗವತರು ತೊಡೆಯ ಮೇಲೆ ಏಕತಾಳ ಹಾಕಿ ಕೇಳಿದರು. ಸಣ್ಣ ಸಾಲಿನ ಕೊನೆಯ ಗಣದಲ್ಲಿ ಒಂದು ಮಾತ್ರೆ ಕಡಿಮೆ ಇದೆಯಲ್ಲ, ಅದು ಹಾಡುವವರ ಉಸಿರಿಗೆ ಎಂದು ಅವರೇ ತೋರಿಸಿದರು. ಅದಲ್ಲದೆ, ಮೇಲಿನ ಸಾಲಿಗೆ ನಾಲ್ಕು ಗಣ, ಕೆಳಗಿನದಕ್ಕೆ ಮೂರು ಎಂದಾಗ ತಾಳದಲ್ಲಿ ಒಂದು ಗಣದಷ್ಟು ಜಾಗ ಖಾಲಿ ಉಳಿಯುತ್ತದೆ. ನಾನು ಅಲ್ಲಿ ಸುಮ್ಮನೆ ನಿಲ್ಲುತ್ತಿದ್ದೆ.

ಅಜ್ಜಿಯ ವರ್ಷಾಂತಿಕದ ಹಿಂದಿನ ಸಂಜೆ ಮನೆಯ ಚಾವಡಿಯಲ್ಲಿ ಹಾಡಿದೆವು. ಮಕ್ಕಳು ಏಳೆಂಟು ಮಂದಿ ಇದ್ದರು. ದೊಡ್ಡಮ್ಮ ಎತ್ತಿಕೊಂಡರು, ನಾವು ಹಿಂದಿನಿಂದ ಹಿಡಿದೆವು. ಮೂರನೆಯ ನುಡಿಯ ಹೊತ್ತಿಗೆ ಆ ಖಾಲಿ ಜಾಗಕ್ಕೆ ಸರಿಯಾಗಿ, ಆರು ವರ್ಷದ ಹುಡುಗಿಯೊಬ್ಬಳು “ಕೂ” ಎಂದು ಕೂಗಿದಳು. ದೋಣಿಯವನನ್ನು ದಡದಿಂದ ಹೀಗೆ ಕೂ ಹಾಕಿ ಕರೆಯುತ್ತಿದ್ದರು ಎಂದು ನಾನೇ ಹಾಡಿಗೆ ಮೊದಲು ಮಕ್ಕಳಿಗೆ ಹೇಳಿದ್ದೆ. ಮುಂದಿನ ನುಡಿಗೆ ಎಲ್ಲ ಮಕ್ಕಳೂ ಸೇರಿದರು. ಪಲ್ಲವಿಗಾಗಿ ಮೂರು ತಿಂಗಳು ತಡಕಾಡಿ ಒಂಬತ್ತು ಬಗೆ ಬರೆದು ಎಲ್ಲವನ್ನೂ ಹೊಡೆದು ಹಾಕಿದ್ದೆ. ಪಲ್ಲವಿಯ ಜಾಗವನ್ನು ಚೌಕಟ್ಟೇ ತೆರೆದಿಟ್ಟಿತ್ತು, ಅದರೊಳಗೆ ಹೋಗಬೇಕಾದದ್ದು ಪದವೂ ಆಗಿರಲಿಲ್ಲ.

ಅಳಿವೆಯ ನುಡಿಯಿಂದ ಮುಂದಕ್ಕೆ ದೊಡ್ಡಮ್ಮ ಕೈ ಎತ್ತಿ ಕೂ ನಿಲ್ಲಿಸಿದರು. ಈಗ ಹಾಗೆಯೇ ಹಾಡುತ್ತೇವೆ. ದೋಣಿ ಬೋರಲಾದ ಮೇಲೆ ಆ ಜಾಗ ಖಾಲಿ.

ಕೊನೆಯ ನುಡಿಯನ್ನು ಅಂದು ನಾನು “ಕಿಟಕಿಯ ಹೊರಗಡೆ ಮುದುಕಿಯ ಕೈಯಿದೆ” ಎಂದು ಬರೆದು ಕೊಟ್ಟಿದ್ದೆ. ದೊಡ್ಡಮ್ಮ ಹಾಡುವಾಗ ಒಂದು ಪದವನ್ನು ಬದಲಿಸಿಬಿಟ್ಟರು. ಹಾಡು ಮುಗಿದ ಮೇಲೆ ಕೇಳಿದೆ. “ಹೊಳೆಯಲ್ಲಿರುವವನಿಗೆ ಅವಳಿಗೆ ವಯಸ್ಸಾದದ್ದು ಹೇಗೆ ತಿಳಿಯಬೇಕು?” ಎಂದರು. ಮಾತ್ರೆ ಎಣಿಸಿ ನೋಡಿದೆ. ಮುದುಕಿಯ, ನಾಲ್ಕು. ಅವರು ಇಟ್ಟದ್ದೂ ನಾಲ್ಕು. ಅದೇ ರಾತ್ರಿ ಪುಸ್ತಕದಲ್ಲಿ ನನ್ನ ಪದವನ್ನು ಹೊಡೆದು ಅವರದನ್ನು ಬರೆದೆ:

ಸೇತುವೆ ಬಂದಿದೆ, ಬಸ್ಸೂ ಬಂದಿದೆ,
ವರುಷಗಳಾದವು ಎಷ್ಟು?
ಕಿಟಕಿಯ ಹೊರಗಡೆ ಕೂಸಿನ ಕೈಯಿದೆ,
ಅಕ್ಕಿಯು ಹಿಡಿಯೊಳಗಿಷ್ಟು.